ಒಂದೇ ಸೂರಿನ ನಿಯಮ

ಸರಕಾರ ಕೊನೆಗೂ ಕಣ್ಣು ಬಿಟ್ಟಿತು ಎಂದು ಅಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದ ದಿನವೇ ಆ ಮನೆಯಲ್ಲಿ ಒಲೆ ಎರಡಾಗುವ ಮಾತೂ ಎದ್ದಿತು.

ಸರಕಾರ ಕಣ್ಣು ಬಿಟ್ಟದ್ದು ಬೋರ್ಡಕ್ಕನ ವಿಷಯದಲ್ಲಿ. ಬೋರ್ಡಕ್ಕ ಅಮ್ಮನ ಮಗಳು. ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇದೆ, ಆದರೆ ಅದನ್ನು ಈಗ ಆಸ್ಪತ್ರೆಯವರು ಬಿಟ್ಟರೆ ಬೇರೆ ಯಾರೂ ಕೂಗುವುದಿಲ್ಲ. ಅಂಗಡಿಗಳಿಗೆ ಬೋರ್ಡು, ಗೋಡೆಗಳಿಗೆ ಜಾಹೀರಾತು ಬರೆಯುವುದರಲ್ಲಿ ಅವಳದು ಎತ್ತಿದ ಕೈ. ಒಮ್ಮೆ ಎತ್ತರದ ಗೋಡೆಯೊಂದರ ಮೇಲೆ ಸೋಪು ಹಿಡಿದ ಸುಂದರಿಯ ಎಡಗಣ್ಣು ಮುಗಿಸಿ ಬಲಗಣ್ಣಿಗೆ ಕುಂಚ ಅದ್ದುವಷ್ಟರಲ್ಲಿ ಕಾಲಡಿಯ ಹಲಗೆ ಜಾರಿತು. ಸೋಪಿನವರು ಬಹಳ ದಿನ ಆ ಸುಂದರಿಯನ್ನು ಒಕ್ಕಣ್ಣಿಯಾಗಿಯೇ ಬಿಟ್ಟಿದ್ದರು. ಆಮೇಲೆ ಇನ್ಯಾರೋ ಬಂದು ಕಣ್ಣು ಬರೆದರು. ಬೋರ್ಡಕ್ಕನ ಕಾಲುಗಳು ಮಾತ್ರ ಮತ್ತೆ ಏಳಲಿಲ್ಲ.

ಈಗ ಅವಳು ಮುಂಗೋಣೆಯ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಕೂತು ವಾಹನಗಳ ನಂಬರ್ ಪ್ಲೇಟು ಬರೆಯುತ್ತಾಳೆ. ಆ ಕುರ್ಚಿಯವರೆಗೆ ಅವಳನ್ನು ತಲುಪಿಸುವವಳು ಅತ್ತಿಗೆ. ಬೆಳಿಗ್ಗೆ ಏಳಿಸುವುದು, ತೊಳೆಯುವುದು, ಸ್ನಾನ, ಬಟ್ಟೆ, ಮಧ್ಯಾಹ್ನ ಮಗ್ಗುಲು ಬದಲಿಸಿ ಬೆನ್ನಿಗೆ ಪೌಡರ್ ಹಾಕುವುದು, ರಾತ್ರಿ ಮತ್ತೆ ಮಂಚಕ್ಕೆ ಸೇರಿಸುವುದು, ಎಲ್ಲ ಅತ್ತಿಗೆಯೇ. ಸೊಂಟದ ಕೆಳಗೆ ಟವೆಲು ಹಾಯಿಸಿ, ಮೊಣಕಾಲಿಗೆ ಮೊಣಕಾಲು ಒತ್ತಿ ಹಿಡಿದು, 'ಹ್ಞೂಂ' ಎಂದರೆ ಸಾಕು, ಬೋರ್ಡಕ್ಕ ಕುರ್ಚಿಯಲ್ಲಿರುತ್ತಿದ್ದಳು. ಅತ್ತಿಗೆ ಒಂದು ದಿನವೂ ಗೊಣಗಿದವಳಲ್ಲ, ಮುಖ ಗಂಟಿಕ್ಕಿದವಳಲ್ಲ. ನಾವು ಎಲ್ಲರ ಮನೆಯ ಅತ್ತಿಗೆ ನಾದಿನಿಯರ ಹಾಗಲ್ಲ ಎಂದು ಬೋರ್ಡಕ್ಕನಿಗೆ ಒಳಗೊಳಗೇ ಹೆಮ್ಮೆ. ಇದೆಲ್ಲ ಪ್ರೀತಿಯಿಂದ ಆಗುತ್ತಿದೆ ಎಂದೇ ಅವಳು ತಿಳಿದಿದ್ದಳು. ಹಾಗೆ ತಿಳಿಯದೆ ಇದ್ದರೆ ದಿನಾ ಇನ್ನೊಬ್ಬರ ಕೈಯಲ್ಲಿ ತೊಳೆಸಿಕೊಳ್ಳುವುದು ಸುಲಭವೇ?

ಅಂದು ರಾತ್ರಿ ಊಟಕ್ಕೆ ಕೂತಾಗ ಅಣ್ಣ ವಿಷಯ ಬಿಡಿಸಿ ಹೇಳಿದ. ಅವನು ಗಾಜು ಕತ್ತರಿಸುವ ಅಂಗಡಿಯವನು. ಬೆರಳಿಗೊಂದು ಪ್ಲಾಸ್ಟರು ಯಾವಾಗಲೂ ಇರುವಂಥದ್ದೇ.

"ಯೋಜನೆ ಚೆನ್ನಾಗಿದೆ. ನೋಡ್ಕೊಳ್ಳೋಕೆ ಒಬ್ಬರನ್ನ ಇಟ್ಕೊಬಹುದು, ಸಂಬಳ ಸರಕಾರ ಕೊಡುತ್ತೆ. ಯಾರನ್ನ ಇಟ್ಕೊಬೇಕು ಅನ್ನೋದು ಇವಳಿಗೇ ಬಿಟ್ಟಿದ್ದು. ಇವಳೇ ಯಜಮಾನಿ, ಇವಳದ್ದೇ ಸಹಿ."

"ಅದಕ್ಕೇನು, ಸೊಸೆ ಇದ್ದಾಳಲ್ಲ," ಎಂದಳು ಅಮ್ಮ. "ಬೇರೆಯವರು ಯಾಕೆ?"

"ಅಲ್ಲೇ ಇರೋದು ಎಡವಟ್ಟು. ನೋಡ್ಕೊಳ್ಳೋರು, ನೋಡಿಸ್ಕೊಳ್ಳೋರು ಒಂದೇ ಸೂರಿನ ಕೆಳಗೆ ಇರಬಾರದಂತೆ."

"ಯಾಕಂತೆ?"

"ಮನೆಯವರು ಮಾಡೋದು ಕರ್ತವ್ಯ ಅಂತೆ. ಕರ್ತವ್ಯಕ್ಕೆ ಸಂಬಳ ಕೊಡೋಕಾಗುತ್ತಾ ಅಂತ ಕೇಳಿದ ಆಫೀಸಿನವನು."

"ಅವನು ಆಫೀಸಿಗೆ ಬರೋದು ಏನಕ್ಕಂತೆ, ಹವ್ಯಾಸಕ್ಕಾ?" ಎಂದಳು ಬೋರ್ಡಕ್ಕ. ಅತ್ತಿಗೆ ಬಡಿಸುತ್ತಿದ್ದವಳು ನಕ್ಕಳು.

ಎದುರು ಮನೆಯ ಸೈಕಲ್ ರಿಪೇರಿಯವನ ಮಹಡಿಯ ಮೇಲೆ ಒಂದು ಕೋಣೆ ಖಾಲಿ ಬಿದ್ದಿತ್ತು. ಅಣ್ಣ ಅತ್ತಿಗೆ ಅಲ್ಲಿಗೆ ಹೋಗುವುದು, ಅತ್ತಿಗೆ ಬೆಳಿಗ್ಗೆ ಬಂದು ಸಂಜೆ ಹೋಗುವುದು, ಇದು ಅಣ್ಣನ ಲೆಕ್ಕ. ಗಾಜಿನಂಗಡಿಯ ವ್ಯಾಪಾರ ನೆಲ ಕಚ್ಚಿತ್ತು. ಬರುವ ಸಂಬಳದಲ್ಲಿ ಬಾಡಿಗೆ ಕಳೆದರೂ ಮನೆ ಉಸಿರಾಡುತ್ತಿತ್ತು.

ಅಮ್ಮ ತಟ್ಟೆ ಸರಿಸಿದಳು. "ಮಗ ಸೊಸೆ ಬೇರೆ ಹೋದ್ರು ಅಂದ್ರೆ ಬೀದಿಯವರು ನನ್ನನ್ನ ಏನಂತಾರೆ? ಕಾಟ ಕೊಟ್ಟು ಓಡಿಸಿದ್ಲು ಅಂತಾರೆ."

"ಅನ್ಲಿ ಬಿಡಮ್ಮ."

"ನಿಂಗೇನಪ್ಪ, ನೀನು ಗಂಡಸು. ಅಂಗಡಿಗೆ ಹೋಗ್ತೀಯ. ನಲ್ಲಿ ಹತ್ರ ನಿಲ್ಲೋಳು ನಾನು."

ಆಮೇಲೆ ಒಂದು ದಿನವಿಡೀ ಅಮ್ಮ ಯೋಚಿಸಿದಳು. ಯೋಚಿಸಿ ಅವಳು ತೆಗೆದ ಉಪಾಯ ಆ ಮನೆಯವರಿಗಲ್ಲದೆ ಬೇರೆ ಯಾರಿಗೂ ಹೊಳೆಯುವಂಥದ್ದಲ್ಲ. ಜನ ಹೇಗೂ ಮಾತಾಡುತ್ತಾರೆ. ಆಡುವ ಮಾತು ತನ್ನ ಕಡೆಗಿರಲಿ. ಅದಕ್ಕೆ ಬೀದಿಯಲ್ಲಿ ನಿಂತು ಒಂದು ಜಗಳವಾಡಬೇಕು. ತಪ್ಪು ಸೊಸೆಯದು ಎಂದು ಕಾಣಬೇಕು. ನಾಳೆ ತಪಾಸಣೆಗೆ ಬಂದವರು ಅಕ್ಕಪಕ್ಕ ವಿಚಾರಿಸಿದರೆ ಬೀದಿಯೇ ಸಾಕ್ಷಿ ಹೇಳುತ್ತದೆ.

"ನಂಗೆ ಜಗಳ ಆಡೋಕೆ ಬರಲ್ಲ ಅತ್ತೆ," ಎಂದಳು ಅತ್ತಿಗೆ.

"ನಾನು ಆಡ್ತೀನಿ. ನೀನು ಎರಡು ಮಾತು ಎದುರಾಡು, ಆಮೇಲೆ ಪಾತ್ರೆ ತಗೊಂಡು ಹೊರಡು. ಅಷ್ಟೂ ಆಗಲ್ವಾ?"

ಬೋರ್ಡಕ್ಕನಿಗೆ ಇದು ದೊಡ್ಡ ತಮಾಷೆಯಾಗಿ ಕಂಡಿತು. ಕಿಟಕಿಯ ಪಕ್ಕ ಕೂತು ನೋಡುವ ಜಾಗ ತನ್ನದೇ ಎಂದು ಬೀಗಿದಳು.

ಭಾನುವಾರ ಬೆಳಿಗ್ಗೆ, ಬೀದಿಯೆಲ್ಲ ನೀರಿಗೆ ನಿಂತ ಹೊತ್ತಿನಲ್ಲಿ, ಅಮ್ಮ ಬಾಗಿಲಿಗೆ ಬಂದು ಗಂಟಲು ಹರಿಯುವಂತೆ ಶುರು ಮಾಡಿದಳು. ಹಾಲು ಉಕ್ಕಿಸಿದ್ದು, ಬಟ್ಟೆ ಸುಟ್ಟದ್ದು, ಹೊತ್ತು ಮೂಡಿದ ಮೇಲೆ ಏಳುವುದು. ಒಂದೂ ನಿಜವಲ್ಲ. ಅತ್ತಿಗೆ ಸೆರಗಿನ ತುದಿ ಹಿಡಿದು ಏನೋ ಗುನುಗಿದಳು. "ಜೋರಾಗಿ ಹೇಳೇ," ಎಂದು ಅಮ್ಮ ಹಲ್ಲಿನ ಸಂದಿಯಿಂದ ಗದರಿದ್ದು ಕಿಟಕಿಗೆ ಸ್ಪಷ್ಟವಾಗಿ ಕೇಳಿಸಿತು. ಬೋರ್ಡಕ್ಕ ನಗು ತಡೆಯಲು ಕುಂಚದ ಹಿಡಿ ಕಚ್ಚಿಕೊಂಡಳು.

ಜನ ಸೇರಿದರು. ಅಮ್ಮನಿಗೆ ಹುರುಪು ಬಂತು. ಹೇಳಬೇಕೆಂದು ಮೊದಲೇ ಮಾತಾಡಿಕೊಂಡದ್ದೆಲ್ಲ ಮುಗಿದಿತ್ತು. ಬಾಯಿಗೆ ಬಂದದ್ದನ್ನು ಸೇರಿಸಿದಳು. "ಕಾಲಿಲ್ಲದ ನನ್ನ ಮಗಳನ್ನ ತೊಳೆಯೋಕೆ ಇವಳು ಮೂಗು ಮುರೀತಾಳೆ!"

ಅತ್ತಿಗೆ ಸೆರಗು ಬಿಟ್ಟಳು. ದನಿ ಏರಿಸಲಿಲ್ಲ. ಆದರೆ ಬೀದಿ ಸುಮ್ಮನಾಗಿದ್ದರಿಂದ ಎಲ್ಲರಿಗೂ ಕೇಳಿಸಿತು.

"ಮೂಗು ಮುರಿದಿಲ್ಲ ಅತ್ತೆ. ಮುರಿಯೋಕೂ ನಂಗೆ ಪುರುಸೊತ್ತು ಇರಲಿಲ್ಲ. ಪ್ರೆಸ್ಸಲ್ಲಿ ಪುಸ್ತಕ ಹೊಲೀತಿದ್ದೆ ನಾನು. ಎಷ್ಟೋ ಹುಡುಗೀರು ನನ್ನ ಕೈ ಕೆಳಗೆ ಕೆಲಸ ಕಲಿತ್ರು. ಬಿಡು ಅಂತ ಯಾರೂ ಹೇಳಲಿಲ್ಲ. ಇವಳು ಆಸ್ಪತ್ರೆಯಿಂದ ಬಂದ ದಿನ ಎಲ್ಲರೂ ಒಟ್ಟಿಗೆ ನನ್ನ ಮುಖ ನೋಡಿದ್ರಿ, ಅಷ್ಟೇ. ಮಾಡ್ತೀಯಾ ಅಂತ ಒಬ್ಬರಾದ್ರೂ ಕೇಳಿದ್ರಾ? ಬೆಳಿಗ್ಗೆ ಕಣ್ಣು ಬಿಡೋಕೆ ಮುಂಚೆ ಅವಳು ಕರೆಯೋದು ಕೇಳಿಸುತ್ತೆ. ಅವಳು ಕರೀದೆ ಇದ್ರೂ ಕೇಳಿಸುತ್ತೆ. ಅಮ್ಮನ ಮನೆಗೆ ಹೋಗಿ ಮಲಗಿದ್ರೂ ಕೇಳಿಸುತ್ತೆ."

ಅಮ್ಮ ತನ್ನ ಪಾಲಿನ ಮಾತು ಮರೆತು ನಿಂತಳು. ಅತ್ತಿಗೆ ಪಾತ್ರೆಯ ಚೀಲ ಎತ್ತಿಕೊಂಡು ರಸ್ತೆ ದಾಟಿ ಮಹಡಿ ಹತ್ತಿದಳು. ನೀರಿಗೆ ಬಂದಿದ್ದ ಹೆಂಗಸೊಬ್ಬಳು ಕಣ್ಣು ಒರೆಸಿಕೊಂಡಳು.

ಒಳಗೆ ಬಂದ ಅಮ್ಮ ಬೆವರು ಒರೆಸಿಕೊಳ್ಳುತ್ತ, "ಬರಲ್ಲ ಬರಲ್ಲ ಅಂತ ಎಷ್ಟು ಚೆನ್ನಾಗಿ ಆಡಿದ್ಲು ನೋಡೇ! ಒಂದು ಗಳಿಗೆ ನಂಗೇ ನಿಜ ಅನ್ನಿಸ್ಬಿಡ್ತು," ಎಂದಳು.

ಬೋರ್ಡಕ್ಕ ಅರ್ಧ ಬರೆದಿದ್ದ ಪ್ಲೇಟಿನ ಮೇಲೆ ಕಪ್ಪು ಬಣ್ಣ ಸೋರಿ ಒಂದು ಅಂಕಿ ಪೂರ್ತಿ ಮುಚ್ಚಿಹೋಗಿತ್ತು. ಅವಳು ಸೀಮೆಎಣ್ಣೆ ಬಟ್ಟೆಯಲ್ಲಿ ಅದನ್ನು ಒರೆಸುತ್ತಲೇ ಕೂತಳು. ಅವಮಾನವೋ ದುಃಖವೋ ಅವಳಿಗೇ ತಿಳಿಯಲಿಲ್ಲ.

ಯಜಮಾನಿ ಖುದ್ದಾಗಿ ಬಂದು ಸಹಿ ಮಾಡಬೇಕೆಂದು ಆಫೀಸಿನಿಂದ ಕರೆ ಬಂತು. ಅತ್ತಿಗೆ ಕುರ್ಚಿ ತಳ್ಳಿಕೊಂಡು ಹೋದಳು. ಆಫೀಸಿನ ಮುಂದೆ ಗಾಲಿಕುರ್ಚಿಗೆಂದೇ ಕಟ್ಟಿದ ಹೊಸ ಇಳಿಜಾರು ದಾರಿ. ಅದರ ಗೋಡೆಯ ಮೇಲೆ ನೀಲಿ ಬಣ್ಣದ ಕುರ್ಚಿಯ ಚಿತ್ರ. ಚಕ್ರ ಮೊಟ್ಟೆಯಾಕಾರಕ್ಕಿದೆ, ಬರೆದವನ ಕೈ ನಡುಗಿದೆ ಎಂದು ಬೋರ್ಡಕ್ಕ ಹೋಗುವಾಗಲೇ ತಪ್ಪು ಹಿಡಿದಳು. ದಾರಿ ಚೆನ್ನಾಗಿಯೇ ಹತ್ತಿತು. ಹತ್ತಿ ಒಂದು ಮುಚ್ಚಿದ ಬಾಗಿಲಿಗೆ ಮುಟ್ಟಿತು.

"ಆ ಬಾಗಿಲು ತೆಗೆಯೋ ಹಾಗಿಲ್ಲ," ಎಂದ ಜವಾನ. "ಒಳಗಡೆ ಕಪಾಟು ಅಡ್ಡ ಇಟ್ಟಿದ್ದಾರೆ."

"ಕಪಾಟಲ್ಲಿ ಏನಿದೆ?"

"ನಿಮ್ಮಂಥವರ ಅರ್ಜಿಗಳೇ."

ಕೊನೆಗೆ ಯೋಜನೆಯ ಮೇಡಮ್ಮೇ ಮೆಟ್ಟಿಲಿಳಿದು ಬಂದು, ನಿಲ್ಲಿಸಿದ್ದ ಸ್ಕೂಟರೊಂದರ ಸೀಟಿನ ಮೇಲೆ ಕಾಗದ ಹರಡಿದರು. ಕೆಟ್ಟವರಲ್ಲ. ದಿನಕ್ಕೆ ಎಷ್ಟು ಬಾಗಿಲು ಎಷ್ಟು ಕಪಾಟು ಎಂದು ಅವರಿಗೂ ಸುಸ್ತಾಗಿತ್ತು.

"ಇವರು ನಿಮಗೆ ಏನಾಗಬೇಕು?"

"ಅತ್ತಿಗೆ."

"ಒಂದೇ ಮನೇಲಿ ಇದ್ದೀರಾ?"

"ಇಲ್ಲ ಮೇಡಂ," ಎಂದಳು ಅತ್ತಿಗೆ. "ಬೇರೆ ಹೋಗಿದ್ದೀವಿ. ಜಗಳ ಆಯ್ತು."

ಮೇಡಂ ಪೆನ್ನು ನಿಲ್ಲಿಸಿದರು. "ಜಗಳ ಆಡಿ ಬೇರೆ ಹೋದವರು ಅದೇ ಮನೆಗೆ ಬಂದು ಇವರನ್ನ ನೋಡ್ಕೋತೀರಾ?"

ಅಮ್ಮನ ಉಪಾಯದಲ್ಲಿ ಇಷ್ಟು ದೊಡ್ಡ ತೂತಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ಬೋರ್ಡಕ್ಕನೇ ಬಾಯಿ ಹಾಕಿದಳು.

"ಜಗಳ ಅಮ್ಮನ ಜೊತೆ ಮೇಡಂ. ನನ್ನ ಜೊತೆ ಅಲ್ಲ. ಅಲ್ವಾ ಅತ್ತಿಗೆ?"

ಅತ್ತಿಗೆ ಸ್ಕೂಟರಿನ ಕನ್ನಡಿ ನೋಡುತ್ತ, "ಹ್ಞೂಂ," ಎಂದಳು. ಮೇಡಂ ಸಹಿ ಮಾಡಿಸಿಕೊಂಡರು. ಮನೆಗೆ ಬರುವ ದಾರಿಯುದ್ದಕ್ಕೂ ಕುರ್ಚಿಯ ಗಾಲಿ ಕಿರುಗುಟ್ಟಿತು.

ಹೊಸ ಸಂಸಾರ ಶುರುವಾಯಿತು. ಬೆಳಿಗ್ಗೆ ಹೊಸಿಲ ಮೇಲೆ ನಿಂತು ಅತ್ತಿಗೆ ಫೋನಿನಲ್ಲಿ ತನ್ನ ಫೋಟೋ ತೆಗೆದು ಆಫೀಸಿಗೆ ಕಳಿಸಬೇಕು. ಸಂಜೆ ಹೊರಡುವಾಗ ಇನ್ನೊಂದು. ಮೊದಲ ದಿನ ಅಮ್ಮ, "ತಲೆ ಬಾಚ್ಕೊಂಡು ನಿಲ್ಲೇ, ಸರಕಾರದವರು ನೋಡ್ತಾರೆ," ಎಂದು ಗದರಿದಳು. ಸಂಜೆಯ ಫೋಟೋ ಆದ ಮೇಲೆ ಅತ್ತಿಗೆ ರಸ್ತೆ ದಾಟಿ ಹೋಗಿಬಿಡುತ್ತಿದ್ದಳು. ರಾತ್ರಿ ಮಂಚಕ್ಕೆ ಸೇರಿಸಲು ಅಣ್ಣ ಬರುತ್ತಿದ್ದ; ಗಾಜಿನ ಹಲಗೆ ಎತ್ತುವ ಹಾಗೆ ಉಸಿರು ಬಿಗಿಹಿಡಿದು ತಂಗಿಯನ್ನು ಎತ್ತುತ್ತಿದ್ದ. ಎರಡು ಕಡೆಯೂ ಊಟ ಮಾಡಿ ಅವನಿಗೆ ಹೊಟ್ಟೆ ಬಂದಿತ್ತು. ಬೇಡ ಎಂದರೆ ಅಮ್ಮನಿಗೂ ಕೋಪ, ಹೆಂಡತಿಗೂ ಕೋಪ.

"ಅಲ್ಲೇನು ಮಾಡಿದ್ಲು ಇವತ್ತು?" ಅಮ್ಮ ಕೇಳುವಳು.

"ಆಲೂಗಡ್ಡೆ."

"ಇಲ್ಲಿ ಮಾಡಿದ್ದೂ ಆಲೂಗಡ್ಡೆನೇ. ಒಂದೇ ಪಾತ್ರೇಲಿ ಆಗೋದಕ್ಕೆ ಎರಡು ಗ್ಯಾಸು. ಸರಕಾರಕ್ಕೆ ಬುದ್ಧಿ ಇದ್ಯಾ?"

ಕೆಲಸದಲ್ಲಿ ಅತ್ತಿಗೆಗೆ ಮೊದಲಿನದೇ ಕೈ, ಮೊದಲಿನದೇ ನಾಜೂಕು. ಆದರೆ ಬೋರ್ಡಕ್ಕ ಮೊದಲಿನವಳಾಗಿರಲಿಲ್ಲ. ಕೈಗೆ ಎಟುಕದ ಡಬ್ಬಿಗಾಗಿ ಅತ್ತಿಗೆಯನ್ನು ಕರೆಯಲು ಬಾಯಿ ತೆರೆದು, ಮುಚ್ಚುವಳು. ನೀರು ಕಮ್ಮಿ ಕುಡಿದಳು, ಮತ್ತೆ ಮತ್ತೆ ಎತ್ತಿಸಿಕೊಳ್ಳುವುದು ತಪ್ಪಲಿ ಎಂದು. ಅತ್ತಿಗೆ ಅದನ್ನು ಗಮನಿಸಿ ಲೋಟ ತಂದು ಮುಂದಿಟ್ಟಳು.

"ಕುಡಿ. ಬಾಯಿ ಒಣಗಿಸ್ಕೊಂಡು ಕೂತ್ರೆ ಸೋಂಕಾಗುತ್ತೆ. ಆಮೇಲೆ ನಂಗೇ ಎರಡು ಪಟ್ಟು ಕೆಲಸ."

ಮೊದಲು ಅತ್ತಿಗೆ ಹೀಗೆ ಮಾತಾಡುತ್ತಿರಲಿಲ್ಲ. ಬೋರ್ಡಕ್ಕ ಲೋಟ ಎತ್ತಿ ಕುಡಿದಳು.

ತಪಾಸಣೆಗೆ ಮೇಡಂ ಬಂದರು. ಎದುರಿನ ಮಹಡಿ ಹತ್ತಿ ಒಲೆ, ಹಾಸಿಗೆ, ಹಗ್ಗದ ಮೇಲಿನ ಬಟ್ಟೆ ಎಲ್ಲ ನೋಡಿ ಬಂದು, "ನಿಜವಾಗಿಯೂ ಬೇರೆ ಇದ್ದಾರೆ," ಎಂದು ತಮಗೆ ತಾವೇ ಹೇಳಿಕೊಂಡರು. ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲೊಂದು ಚಾಪೆ ಹಾಸಿ ಬೇರೆ ಎಂದು ತೋರಿಸುತ್ತಾರಂತೆ. "ಅಲ್ಲಿ ಕಿಟಕಿಗೆ ಪರದೆ ಕೂಡ ಹಾಕಿದ್ದಾರೆ, ಹೂವಿಂದು. ಒಬ್ಬರೇ ಕೂರೋಕೆ ಒಂದು ಕುರ್ಚಿ ಇಟ್ಟಿದ್ದಾರೆ." ಅಮ್ಮನ ಮುಖ ಇಳಿಯಿತು. ಪರದೆಯ ವಿಷಯ ಅವಳಿಗೆ ಗೊತ್ತಿರಲಿಲ್ಲ. ನಾಟಕಕ್ಕೆ ಪರದೆ ಏಕೆ ಬೇಕು?

ಮೊದಲ ಸಂಬಳ ಅತ್ತಿಗೆಯ ಖಾತೆಗೇ ಬಂತು. ಅದರಲ್ಲಿ ಬಾಡಿಗೆ ಕೊಟ್ಟಳು, ಅಮ್ಮನ ಕೈಗೆ ಮನೆಖರ್ಚು ಇಟ್ಟಳು, ಬೋರ್ಡಕ್ಕನ ಕುರ್ಚಿಗೆ ಹೊಸ ಗಾಲಿ ಹಾಕಿಸಿದಳು. ಆಮೇಲೆ ಒಂದು ದಿನ ಬೋರ್ಡಕ್ಕನ ತಲೆ ಬಾಚುತ್ತಾ, "ಗುರುವಾರ ನಂಗೆ ರಜೆ ಬೇಕು," ಎಂದಳು.

ಅಡುಗೆಮನೆಯಿಂದ ಅಮ್ಮ ಹೊರಗೆ ಬಂದಳು. "ಸೊಸೆಗೆ ರಜೆಯಾ?"

"ಸೊಸೆಗಲ್ಲ ಅತ್ತೆ. ಕೆಲಸದವಳಿಗೆ. ತಿಂಗಳಿಗೆ ಇಷ್ಟು ಅಂತ ಇದೆಯಂತೆ, ಮೇಡಂ ಹೇಳಿದ್ರು."

"ಎಲ್ಲಿಗೆ ಹೋಗ್ಬೇಕು?"

"ಎಲ್ಲಿಗಾದ್ರೂ."

"ಎಲ್ಲಿಗಾದ್ರೂ ಅಂದ್ರೆ?"

"ಅಮ್ಮ, ಯಜಮಾನಿ ನಾನು," ಎಂದಳು ಬೋರ್ಡಕ್ಕ. "ಹೋಗು ಅತ್ತಿಗೆ."

ಗುರುವಾರ ಅಮ್ಮ ಮತ್ತು ಅಣ್ಣ ಇಬ್ಬರೂ ಸೇರಿ ಬೋರ್ಡಕ್ಕನನ್ನು ಎತ್ತಲು ಹೋಗಿ ಮೂವರೂ ಮಂಚದ ಮೇಲೆ ಬಿದ್ದರು. ಅಮ್ಮನ ಸೊಂಟ ಹಿಡಿಯಿತು. ದಿನವೆಲ್ಲ ಆ ಸೊಂಟದ್ದೇ ಕಥೆ. ಶುಕ್ರವಾರ ಬೆಳಿಗ್ಗೆ ಅತ್ತಿಗೆ ಬಂದು ಬಾಗಿದಾಗ ಅವಳ ಕೈಯಿಂದ ಅಂಟಿನ ವಾಸನೆ ಬಂತು, ಪುಸ್ತಕದ ಬೆನ್ನಿಗೆ ಹಚ್ಚುವ ಅಂಟು. ಪ್ರೆಸ್ಸಿಗೆ ಹೋಗಿ ಬಂದಿದ್ದಾಳೆ. ಬೋರ್ಡಕ್ಕ ಕೇಳಲಿಲ್ಲ, ಅತ್ತಿಗೆ ಹೇಳಲಿಲ್ಲ. ಆದರೆ ಟವೆಲು ಹಾಯಿಸುವಾಗ ಅತ್ತಿಗೆ ಯಾವುದೋ ಹಾಡು ಗುನುಗುತ್ತಿದ್ದಳು. ಅವಳಿಗೆ ಹಾಡಲು ಬರುತ್ತದೆ ಎನ್ನುವುದೇ ಆ ಮನೆಗೆ ಹೊಸ ಸುದ್ದಿ.

ಹೀಗೆ ನಡೆಯುತ್ತಿರುವಾಗ ನಿಯಮ ಬದಲಾಯಿತು. ಊರೂರಿನ ಗಾಲಿಕುರ್ಚಿಯವರೆಲ್ಲ ಸೇರಿ ದೊಡ್ಡ ಆಫೀಸಿನ ಮುಂದೆ ಕೂತಿದ್ದರಂತೆ, ನಮ್ಮ ಮನೆಯವರ ದುಡಿಮೆಯೂ ದುಡಿಮೆಯೇ ಎಂದು. ಸರಕಾರ ಒಪ್ಪಿತು. ಇನ್ನು ಮುಂದೆ ನೋಡಿಕೊಳ್ಳುವವರು ಒಂದೇ ಸೂರಿನ ಕೆಳಗಿದ್ದರೂ ಸಂಬಳ ಉಂಟು.

ಅಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ನಾಳೆನೇ ಆ ಕೋಣೆ ಬಿಟ್ಬಿಡಿ. ಒಲೆ ಇಲ್ಲಿಗೆ ತನ್ನಿ. ಬಾಡಿಗೆ ಉಳೀತು, ಸಂಬಳ ಉಳೀತು, ಬೀದಿಯವರಿಗೆ ರಾಜಿ ಆಯ್ತು ಅಂತ ನಾನು ಹೇಳ್ಕೋತೀನಿ. ಅವಳು ಬಂದು ಕ್ಷಮೆ ಕೇಳಿದ್ಲು ಅಂತೀನಿ, ಏನು?"

"ಸರಿ," ಎಂದ ಅಣ್ಣ. ಅನ್ನುವಾಗ ಹೆಂಡತಿಯ ಮುಖ ನೋಡಲಿಲ್ಲ.

ಅತ್ತಿಗೆ ಒಗೆದ ಬಟ್ಟೆ ಮಡಿಸುತ್ತಿದ್ದಳು. ಮಡಿಸುತ್ತಲೇ ಇದ್ದಳು. ಒಮ್ಮೆ ಮಡಿಸಿದ್ದನ್ನು ಬಿಡಿಸಿ ಮತ್ತೆ ಮಡಿಸಿದ್ದನ್ನು ಬೋರ್ಡಕ್ಕ ಕಂಡಳು. ಈಗ ಎಲ್ಲರೂ ಒಟ್ಟಿಗೆ ಅತ್ತಿಗೆಯ ಮುಖ ನೋಡುತ್ತಾರೆ, ಅತ್ತಿಗೆ ಹ್ಞೂಂ ಎನ್ನುತ್ತಾಳೆ, ಮತ್ತೆ ಜೀವಮಾನವಿಡೀ ಹೀಗೇ ಎಂದು ಅವಳಿಗೆ ಹೆದರಿಕೆಯಾಯಿತು. ಹ್ಞೂಂ ಎನ್ನದೆ ಹೋದರೆ ಎಂದು ಅದಕ್ಕಿಂತ ಹೆಚ್ಚಿನ ಹೆದರಿಕೆ. ಆ ಕೈ ಇಲ್ಲದೆ ತಾನು ಮಂಚದಿಂದ ಕುರ್ಚಿಗೆ ಬರುವುದು ಹೇಗೆ?

ಮರುದಿನ ಬಚ್ಚಲಲ್ಲಿ, ಹಲಗೆಯ ಮೇಲೆ ಕೂರಿಸಿ ಅತ್ತಿಗೆ ಬೆನ್ನಿಗೆ ನೀರು ಹಾಕುತ್ತಿದ್ದಾಗ, ಬೋರ್ಡಕ್ಕ ಗೋಡೆ ನೋಡಿಕೊಂಡೇ ಕೇಳಿದಳು. ಮುಖ ನೋಡಿ ಕೇಳುವ ಧೈರ್ಯವಿರಲಿಲ್ಲ.

"ನಿಂಗೆ ವಾಪಸ್ ಬರೋಕೆ ಇಷ್ಟ ಇದ್ಯಾ?"

ಚೊಂಬು ನಿಂತಿತು.

"ಯಾಕೆ ಕೇಳ್ತಿದ್ದೀಯ?"

"ಅವತ್ತು ಬೀದೀಲಿ ಹೇಳಿದ್ದು ನಾಟಕ ಅಲ್ಲ ಅಲ್ವಾ?"

"ಅಲ್ಲ," ಎಂದಳು ಅತ್ತಿಗೆ. "ನೀನು ಕೇಳಿಸ್ಕೋಬಾರದಿತ್ತು."

"ಕಿಟಕಿ ಪಕ್ಕ ಕೂತಿದ್ದೆ. ಎದ್ದು ಹೋಗೋಕೆ ಆಗಲ್ವಲ್ಲ ನಂಗೆ."

ಅತ್ತಿಗೆ ನಗಲಿಲ್ಲ. ಟವೆಲು ತೆಗೆದು ಅವಳ ಬೆನ್ನು ಒರೆಸತೊಡಗಿದಳು. "ನಿನ್ನ ಮೇಲೆ ನಂಗೆ ಕೋಪ ಇಲ್ಲ ಕಣೇ. ಬಿದ್ದಿದ್ದು ನಿನ್ನ ತಪ್ಪಾ? ಆದ್ರೆ ನಿಜ ಹೇಳ್ಬೇಕು ಅಂದ್ರೆ, ಪ್ರೀತಿ ಇದ್ಯಾ ಅಂತ ನೋಡ್ಕೊಳ್ಳೋಕೂ ನಂಗೆ ಹೊತ್ತು ಸಿಕ್ಕಿಲ್ಲ. ಪ್ರೆಸ್ಸಿನವರು ಬಾ ಅಂತಿದ್ದಾರೆ. ವಾಪಸ್ ಬರೋಕೆ ನಂಗೆ ಇಷ್ಟ ಇಲ್ಲ. ಹಾಗಂತ ಬರಲ್ಲ ಅನ್ನೋಕೆ ನಂಗೆ ಬಾಯೇ ಬರಲ್ಲ. ನೀನು ಬಾ ಅಂದ್ರೆ ಬರ್ತೀನಿ."

ಬೋರ್ಡಕ್ಕನ ಕಣ್ಣಲ್ಲಿ ನೀರು ಬಂತು. ಬಚ್ಚಲಲ್ಲಿ ಅದೊಂದು ಅನುಕೂಲ. ಯಾವ ನೀರು ಎಂದು ಯಾರಿಗೂ ತಿಳಿಯುವುದಿಲ್ಲ.

"ಬೇಡ," ಎಂದಳು. "ಬರ್ಬೇಡ."

ಅಂದೇ ಅವಳು ಮೇಡಮ್ಮಿಗೆ ಫೋನು ಮಾಡಿ ಬೇರೆ ಯಾರಾದರೂ ಇದ್ದರೆ ಕಳಿಸಿ ಎಂದಳು. ಅಮ್ಮ ಕೇಳಿಸಿಕೊಂಡಳು. ಈ ಸಲದ ಜಗಳಕ್ಕೆ ಯಾರೂ ಮಾತು ಹೇಳಿಕೊಡಬೇಕಾಗಲಿಲ್ಲ.

"ತಲೆ ಕೆಟ್ಟಿದ್ಯಾ ನಿಂಗೆ? ಗೊತ್ತಿಲ್ಲದೋಳು ಬಂದು ನಿನ್ನ ಬಟ್ಟೆ ಬಿಚ್ಚಬೇಕಾ?"

"ಗೊತ್ತಾಗ್ತಾಳೆ ಬಿಡು, ಬಿಚ್ಚಿ ಬಿಚ್ಚಿ."

"ಮನೆ ಮರ್ಯಾದೆ ಅನ್ನೋದು ಇದ್ಯಾ?"

"ಮರ್ಯಾದೆನ ನೀನೇ ಬೀದಿಗೆ ತಗೊಂಡು ಹೋಗಿ ನಿಲ್ಲಿಸಿದ್ಯಲ್ಲಮ್ಮ, ಭಾನುವಾರ, ನೀರು ಬರೋ ಹೊತ್ತಿಗೆ."

ಅಣ್ಣನೂ ಬಂದ. "ಬರೋ ಸಂಬಳ ಹೊರಗಿನವಳ ಪಾಲಾಗುತ್ತೆ. ಯೋಚನೆ ಮಾಡಿದ್ಯಾ?"

"ಅತ್ತಿಗೆ ಪ್ರೆಸ್ಸಲ್ಲಿ ದುಡೀತಾಳೆ. ಅದು ಅವಳದ್ದು, ಕೊಟ್ರೆ ಕೊಡ್ತಾಳೆ. ನಾನೂ ಪ್ಲೇಟು ಜಾಸ್ತಿ ಬರೀತೀನಿ. ಅಣ್ಣ, ಒಂದು ಮಾತು. ನೀನು ಅವಳನ್ನ ಯಾವತ್ತಾದ್ರೂ ಕೇಳಿದ್ಯಾ?"

"ಏನಂತ?"

"ಅದೇ ನೋಡು," ಎಂದಳು ಬೋರ್ಡಕ್ಕ.

ಅಣ್ಣ ಬೆರಳಿನ ಪ್ಲಾಸ್ಟರು ಕೀಳುತ್ತ ಅಂಗಡಿಗೆ ಹೊರಟುಹೋದ. ಅಮ್ಮ ಎರಡು ಹೊತ್ತು ಮಗಳ ಜೊತೆ ಮಾತು ಬಿಟ್ಟಳು. ಮೂರನೆಯ ಹೊತ್ತಿಗೆ ಉಪ್ಪು ಎಲ್ಲಿ ಎಂದು ಕೇಳಬೇಕಾಗಿ ಬಂದು ಮಾತಾಡಿದಳು.

ಹೊಸಬಳು ಬಂದಳು. ಆಸ್ಪತ್ರೆಯ ವಾರ್ಡಿನಲ್ಲಿ ದುಡಿದ ಗಟ್ಟಿಗಿತ್ತಿ, ಕೈ ತಣ್ಣಗೆ, ಬಾಯಿ ಬಿಸಿ. ಬಂದ ದಿನವೇ ತನ್ನ ಗಂಡನ ಕಥೆ, ಗಂಡನ ಅಣ್ಣನ ಕಥೆ, ಅವರ ಮನೆಯ ಸೋರುವ ಮಾಡಿನ ಕಥೆ ಎಲ್ಲ ಆಯಿತು. ಮೊದಲ ಬೆಳಿಗ್ಗೆ ಬೋರ್ಡಕ್ಕ ನಾಚಿಕೆಯಿಂದ ಹಲ್ಲು ಕಚ್ಚಿಕೊಂಡಿದ್ದಳು. ಟವೆಲು ಹೇಗೆ ಹಾಯಿಸಬೇಕು, ಮೊಣಕಾಲು ಎಲ್ಲಿಡಬೇಕು ಎಂದು ತಾನೇ ಹೇಳಿಕೊಡಬೇಕಾಯಿತು. ಹೇಳಿಕೊಡುತ್ತಾ ಅವಳಿಗೆ ಗೊತ್ತಾಯಿತು, ಅತ್ತಿಗೆ ಇದನ್ನೆಲ್ಲ ಯಾರಿಂದಲೂ ಕಲಿತದ್ದಲ್ಲ. ಒಬ್ಬಳೇ ಬಿದ್ದು ಎದ್ದು ಕಂಡುಕೊಂಡದ್ದು. ಒಂದು ವಾರದಲ್ಲಿ ಕೆಲಸ ಕುದುರಿತು. ಹೊಸಬಳ ಮೇಲೆ ರೇಗಬಹುದು, ಬೇಕಾದಾಗ ಕರೆಯಬಹುದು, ಎರಡು ಲೋಟ ನೀರು ಕುಡಿಯಬಹುದು. ಅದಕ್ಕೇ ಅವಳಿಗೆ ಸಂಬಳ.

ಅತ್ತಿಗೆ ಮಾತ್ರ ಬರಲಿಲ್ಲ. ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಮಹಡಿ ಇಳಿದು ಬಸ್ಸಿಗೆ ಓಡುವುದು ಕಿಟಕಿಯಿಂದ ಕಾಣುತ್ತಿತ್ತು. ಸಂಜೆ ಮೆಟ್ಟಿಲು ಹತ್ತುವುದು ಕಾಣುತ್ತಿತ್ತು. ಕೈ ಬೀಸುವಳು, ಹೋಗುವಳು. ಒಂದು ವಾರ, ಎರಡು ವಾರ.

"ನೋಡಿದ್ಯಾ," ಎಂದಳು ಅಮ್ಮ. "ರಸ್ತೆ ದಾಟೋಕೂ ಮನಸ್ಸಿಲ್ಲ ಮಹಾರಾಯ್ತಿಗೆ. ಇದೇ ಬೇಕಿತ್ತಾ ನಿಂಗೆ?"

"ಸುಸ್ತಾಗಿರುತ್ತೆ."

"ನನ್ನ ಹತ್ರ ಮುಚ್ಚಿಡ್ಬೇಡ. ದಿನಾ ಸಂಜೆ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಆ ಕಡೆನೇ ನೋಡ್ತಾ ಕೂತಿರ್ತೀಯ."

ನಿಜವಾಗಿತ್ತು. ಕೆಲಸ ಕಳೆದರೆ ಅತ್ತಿಗೆಯಲ್ಲಿ ತನಗೆಂದು ಏನೂ ಉಳಿಯುವುದಿಲ್ಲವೇನೋ ಎಂದು ಬೋರ್ಡಕ್ಕನಿಗೆ ಅಳುವಷ್ಟು ಬೇಸರವಾಗುತ್ತಿತ್ತು. ಮಾಡಿದ್ದು ಸರಿ ಎನ್ನುವುದರಿಂದ ಬೇಸರವೇನೂ ಕಮ್ಮಿಯಾಗಲಿಲ್ಲ.

ಒಂದು ಸಂಜೆ ಹೊಸಬಳು ಹೊಸಿಲ ಮೇಲೆ ಫೋಟೋ ತೆಗೆದುಕೊಂಡು ಹೋದ ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಅತ್ತಿಗೆ. ಉಗುರುಗಳ ಸುತ್ತ ಒಣಗಿದ ಅಂಟು, ಸೀರೆಯ ಮೇಲೆ ದಾರದ ಚೂರುಗಳು.

"ಬಂದ್ಯಾ?" ಎಂದಳು ಅಮ್ಮ. "ಒಳ್ಳೇದಾಯ್ತು. ಇವಳನ್ನ ಸ್ವಲ್ಪ ಮಂಚಕ್ಕೆ ಹಾಕು, ನನ್ನ ಸೊಂಟ ಇನ್ನೂ ನೆಟ್ಟಗಾಗಿಲ್ಲ."

ಅತ್ತಿಗೆ ಚೀಲ ಕೆಳಗಿಟ್ಟಳು. ಕೈ ತಾನಾಗಿಯೇ ಸೆರಗು ಸಿಕ್ಕಿಸಲು ಹೋಯಿತು.

"ಬೇಡ," ಎಂದಳು ಬೋರ್ಡಕ್ಕ. "ಅಣ್ಣ ಬರ್ತಾನೆ. ಅಮ್ಮ, ಅತ್ತಿಗೆ ಕೆಲಸ ಮುಗಿಸಿ ಬಂದಿದ್ದಾಳೆ. ಚಹಾ ಮಾಡು."

ಅಮ್ಮ ನಿಂತಲ್ಲೇ ನಿಂತಳು. ಸೊಸೆ ಬಂದಂದಿನಿಂದ ಅವಳು ಸೊಸೆಗೆಂದು ಚಹಾ ಮಾಡಿದವಳಲ್ಲ. ಮಗಳ ಮುಖ ನೋಡಿದಳು, ಸೊಸೆಯ ಉಗುರು ನೋಡಿದಳು, ಒಳಗೆ ಹೋದಳು. ಪಾತ್ರೆಗಳ ಸದ್ದು ಬೇಕಾದದ್ದಕ್ಕಿಂತ ಜೋರಾಗಿಯೇ ಕೇಳಿಸಿತು.

ಅತ್ತಿಗೆ ಸ್ಟೂಲಿನ ಮೇಲೆ ಕೂತಳು. ಆ ಕೋಣೆಯಲ್ಲಿ ಏನೂ ಮಾಡದೆ ಕೂತು ಗೊತ್ತಿಲ್ಲದವಳು, ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಕೆಳಗೆ ಇಟ್ಟುಕೊಂಡಳು.

"ಯಾಕೆ ಬಂದೆ?" ಬೋರ್ಡಕ್ಕ ಕೇಳಿದಳು.

"ಸುಮ್ನೆ."

"ಸುಮ್ನೆ ಅಂದ್ರೆ?"

"ಆ ಹೊಸಬಳು ನಿಂಗೆ ಎಂಥ ಜಡೆ ಹಾಕಿದ್ದಾಳೆ ಅಂತ ನಮ್ಮ ಕಿಟಕಿಗೇ ಕಾಣ್ತಿತ್ತು. ಹತ್ತಿರದಿಂದ ನೋಡಿ ನಗೋಣ ಅಂತ ಬಂದೆ."

"ಸರಿ ಮಾಡ್ತೀಯಾ?"

"ಇಲ್ಲಪ್ಪ. ನಗ್ತೀನಿ, ಅಷ್ಟೇ."

ಅಮ್ಮ ಚಹಾ ತಂದು ಅತ್ತಿಗೆಯ ಮುಂದೆ ಇಟ್ಟು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಅಲ್ಲೇ ನಿಂತಳು. ಅತ್ತಿಗೆ ಒಂದು ಗುಟುಕು ಕುಡಿದಳು.

"ಸಕ್ಕರೆ ಜಾಸ್ತಿ ಆಯ್ತು ಅತ್ತೆ."

ಮದುವೆಯಾಗಿ ಬಂದಂದಿನಿಂದ ಆ ಮನೆಯಲ್ಲಿ ಯಾವುದೂ ಜಾಸ್ತಿಯಾಯಿತು, ಕಮ್ಮಿಯಾಯಿತು ಎಂದು ಅವಳು ಅಂದದ್ದಿಲ್ಲ. ಅಮ್ಮ ಬಾಯಿ ತೆರೆದಳು. ಇನ್ನೇನು ಬಂತು ಎಂದು ಬೋರ್ಡಕ್ಕ ಕುಂಚ ಬಿಗಿಹಿಡಿದಳು.

"ನಾಳೆ ಕಮ್ಮಿ ಹಾಕ್ತೀನಿ," ಎಂದಳು ಅಮ್ಮ. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ನಾಳೆ ಬರ್ತೀಯಾ?" ಎಂದು ಕೇಳಿದಳು.

"ನೋಡೋಣ," ಎಂದಳು ಅತ್ತಿಗೆ.

ಬೋರ್ಡಕ್ಕನಿಗೆ ಅಳುವೂ ಬಂತು, ನಗುವೂ ಬಂತು. ಬಾರದೆಯೂ ಇರಬಹುದಾಗಿದ್ದ ಹೆಂಗಸು ಬಂದು ಎದುರಿಗೆ ಕೂತು, ಸಕ್ಕರೆ ಜಾಸ್ತಿಯಾದ ಚಹಾವನ್ನು ಪೂರ್ತಿ ಕುಡಿಯುತ್ತಿದ್ದಳು.